ಹಳೆಯ ಕೋವಿಯೂ ಹೊಸ ಕೋವಿಯೂ

ಹಳೆಯದನ್ನು ಉಳಿಸಿಕೊಳ್ಳಬೇಕೆ, ಹೊಸದನ್ನು ತಂದುಕೊಳ್ಳಬೇಕೆ ಎಂಬ ಪ್ರಶ್ನೆಯು ಸಂಸಾರಸ್ಥರ ಮನೆಗಳಲ್ಲಿ ಆಗಾಗ ಏಳತಕ್ಕದ್ದೇ. ನೀರೊಲೆಯ ತಾಮ್ರದ ಹಂಡೆಯಿಂದ ಮೊದಲ್ಗೊಂಡು ಗೋಡೆಯ ಗಡಿಯಾರದವರೆಗೆ ಈ ವಿವಾದಕ್ಕೆ ಒಳಗಾಗದ ವಸ್ತುವು ವಿರಳ. ಕಾಳಿದಾಸನಿಗೂ ಇದು ತಪ್ಪಲಿಲ್ಲ. ‘ಮಾಳವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ, ಹಿಂದಿನವರ ಪ್ರಸಿದ್ಧ ನಾಟಕಗಳಿರುವಾಗ ಈ ಹೊಸಬನದೇಕೆ ಎಂಬ ಆಕ್ಷೇಪಕ್ಕೆ ಅವನು ಸೂತ್ರಧಾರನ ಬಾಯಿಂದ ಸಮಾಧಾನ ಹೇಳಿಸಬೇಕಾಯಿತು. ಆದರೆ ಹಂಡೆಯ ವಿಷಯದಲ್ಲಿ ತಪ್ಪಿದರೆ ನೀರು ತಡವಾಗಿ ಕಾಯುವುದು. ನಾಟಕದ ವಿಷಯದಲ್ಲಿ ತಪ್ಪಿದರೆ ಒಂದು ಸಂಜೆ ವ್ಯರ್ಥವಾಗುವುದು. ಆಯುಧದ ವಿಷಯದಲ್ಲಿ ತಪ್ಪಿದರೆ ಹೋಗತಕ್ಕದ್ದು ಪ್ರಾಣ. ಆದಕಾರಣ ಅಲ್ಲಿ ಹಳೆಯದು ಹೊಸದು ಎಂಬ ಮಾತನ್ನು ಬೇರೆಯೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ಕೊಡಗಿನ ಒಂದು ಮನೆಯವರು ಹೀಗೆ ತೂಗಿ ನೋಡಿದ ಬಗೆಯು ವಾಚಕರ ವಿಚಾರಕ್ಕೆ ಅರ್ಹವಾಗಿದೆ.

ಆ ಮನೆಯ ಯಜಮಾನರು ಎಂಬತ್ತು ದಾಟಿದ ನಿವೃತ್ತ ಸುಬೇದಾರರು. 1961ರಲ್ಲಿ ಸೈನ್ಯವನ್ನು ಸೇರಿ ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ಊರಿಗೆ ಹಿಂದಿರುಗಿ, ಕಾಫಿಯ ಗಿಡಗಳ ನಡುವೆ ಕಾಲ ಕಳೆಯುತ್ತಿರುವವರು. ಕೊಡವರ ಬಾಳಿನಲ್ಲಿ ಕೋವಿಗೆ ಇರುವ ಸ್ಥಾನವು ವಾಚಕರಿಗೆ ತಿಳಿದೇ ಇದೆ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವರು. ಮನೆಯಲ್ಲಿ ಮರಣವಾದರೆ ಎರಡು. ಪುತ್ತರಿಯಲ್ಲಿ ಹೊಸ ತೆನೆಯನ್ನು ಕೊಯ್ಯುವ ಮುಹೂರ್ತವನ್ನು ಕೋವಿಯೇ ಸಾರುವುದು. ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಬರುವ ಕೈಲ್‌ಪೊಳ್ದಿನಂದು ಮನೆಯ ಆಯುಧಗಳನ್ನೆಲ್ಲ ತೊಳೆದು ಒರೆಸಿ ಒಂದೆಡೆ ಇಟ್ಟು, ತೋಕ್‌ಪೂ ಎಂದು ಅವರು ಕರೆಯುವ, ಬೆಂಕಿಯ ನಾಲಗೆಯಂತಿರುವ ಕೆಂಪು ಹಳದಿಯ ಹೂವನ್ನು ಏರಿಸಿ ಪೂಜಿಸುವರು. ಆಂಗ್ಲರು 1861ರಲ್ಲಿ ಕೊಡವರಿಗೆ ಆಯುಧದ ಕಾನೂನಿನಿಂದ ಕೊಟ್ಟ ವಿನಾಯಿತಿಯು ಇಂದಿಗೂ ನಡೆದುಬಂದಿದ್ದು, 2019ರಲ್ಲಿ ಭಾರತ ಸರಕಾರವು ಅದನ್ನು ಮತ್ತೆ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು. ಆದರೂ ಈ ವಿನಾಯಿತಿಗೆ ಒಂದು ಎಲ್ಲೆಯುಂಟು. ಒಂದು ಗುಂಡು ಹಾರಿದೊಡನೆ ಮುಂದಿನ ತೋಟೆಯನ್ನು ತಾನಾಗಿಯೇ ಏರಿಸಿಕೊಳ್ಳುವ ರೈಫಲುಗಳು ಭಾರತದಲ್ಲಿ ಗೃಹಸ್ಥರಿಗೆ ನಿಷಿದ್ಧ. ಆದ್ದರಿಂದ ಸುಬೇದಾರರ ಮನೆಯಲ್ಲಿರುವುದು ತಂದೆಯ ಕಾಲದ ಜೋಡುನಳಿಗೆಯ ಕೋವಿಯೊಂದೇ.

ಹೀಗಿರಲು ಒಂದು ಕೈಲ್‌ಪೊಳ್ದಿನ ಸಾಯಂಕಾಲ ಅಮೆರಿಕ ದೇಶದ ಓಹಾಯೋ ಸಂಸ್ಥಾನದಲ್ಲಿರುವ ಮೊಮ್ಮಗನು ದೂರವಾಣಿಯಲ್ಲಿ ಮಾತನಾಡಿದನು. ಆತನು ಅಲ್ಲಿಗೆ ಹೋಗಿ ಹದಿನೈದು ವರ್ಷಗಳ ಮೇಲಾಗಿದ್ದು, ಈಗ ಅಲ್ಲಿನ ಪ್ರಜೆಯೇ ಆಗಿದ್ದಾನೆ. ಹೆಂಡತಿಯೂ ಏಳು ವರ್ಷದ ಮಗಳೂ ಜೊತೆಯಲ್ಲಿದ್ದಾರೆ. ಹಬ್ಬದ ಊಟ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಈ ವರ್ಷದ ಮಳೆ, ಇವೆಲ್ಲವನ್ನೂ ವಿಚಾರಿಸಿಯಾದ ಮೇಲೆ ಆತನು, “ತಾತ, ನಾನೂ ಒಂದು ಕೋವಿ ಕೊಳ್ಳಬೇಕೆಂದಿದ್ದೇನೆ. ಮನಸ್ಸು ಎರಡರ ನಡುವೆ ಓಲಾಡುತ್ತಿದೆ. ನೀವು ಹೇಳಿದ್ದನ್ನು ಕೊಳ್ಳುತ್ತೇನೆ” ಎಂದನು.

ಆ ಎರಡರ ಪೈಕಿ ಮೊದಲನೆಯದು ಎಂ-1 ಗ್ಯಾರಂಡ್ ಎಂಬ ಹಳೆಯ ರೈಫಲು, ಎರಡನೆಯದು ಎ.ಆರ್.-15 ಎಂಬ ಹೊಸ ಮಾದರಿಯದು. ಎರಡೂ ಅರೆ-ಸ್ವಯಂಚಾಲಿತ ವರ್ಗಕ್ಕೆ ಸೇರಿದವು. ಎಂದರೆ, ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುವುದು. ಆದರೆ ಹಾರಿದ ಗುಂಡಿನ ಹಿಂದಿನ ಹೊಗೆಯ ಒತ್ತಡವೇ ಬರಿದಾದ ತೋಟೆಯನ್ನು ಹೊರಕ್ಕೆ ತಳ್ಳಿ ಹೊಸದನ್ನು ಒಳಕ್ಕೆ ತರುವುದು. ಕೈಯಿಂದ ಬೋಲ್ಟನ್ನು ಹಿಂದಕ್ಕೆ ಮುಂದಕ್ಕೆ ಎಳೆಯುವ ಶ್ರಮವಿಲ್ಲ. ಪ್ರಾಚೀನರು ಧನುರ್ವೇದದಲ್ಲಿ ಆಯುಧಗಳನ್ನು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ ಎಂದು ವಿಂಗಡಿಸಿದ್ದರಷ್ಟೆ. ಅವರೆಂದ ಯಂತ್ರಮುಕ್ತದ ಪರಾಕಾಷ್ಠೆ ಇದು. ಬಿಡುವುದು ಯಂತ್ರ, ಮತ್ತೆ ಹೂಡುವುದೂ ಯಂತ್ರ. ಮನುಷ್ಯನ ಪಾಲಿಗೆ ಉಳಿದಿರುವುದು ಗುರಿ ಮತ್ತು ನಿರ್ಧಾರ ಎಂಬ ಎರಡೇ.

ಗ್ಯಾರಂಡ್ ಕೋವಿಯ ಕರ್ತೃ ಜಾನ್ ಗ್ಯಾರಂಡ್ ಎಂಬಾತನು ಕೆನಡದ ಕ್ವಿಬೆಕ್ ಪ್ರಾಂತದಲ್ಲಿ 1888ರಲ್ಲಿ ಹುಟ್ಟಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರದಲ್ಲಿ ವರ್ಷಗಟ್ಟಲೆ ದುಡಿದು ಇದನ್ನು ರೂಪಿಸಿದನು. ಮೊದಲು ಇದಕ್ಕೆ ಸ್ವಲ್ಪ ಸಣ್ಣ ತೋಟೆಯನ್ನು ಯೋಚಿಸಿದ್ದರು. 1932ರಲ್ಲಿ ಸೇನಾಮುಖ್ಯನಾಗಿದ್ದ ಮ್ಯಾಕಾರ್ಥರನು, ದೇಶದ ಉಗ್ರಾಣಗಳಲ್ಲಿ ಹಳೆಯ ತೋಟೆಗಳು ರಾಶಿ ಬಿದ್ದಿರುವಾಗ ಹೊಸದೇಕೆ ಎಂದು ಅದನ್ನು ತಡೆದನು. ಹೀಗೆ ಹೊಸ ಕೋವಿಯು ಹಳೆಯ ತೋಟೆಯೊಡನೆ ರಾಜಿಯಾಗಿ 1936ರಲ್ಲಿ ಸೈನ್ಯಕ್ಕೆ ಅಂಗೀಕೃತವಾಯಿತು. ತೂಕ ಸುಮಾರು 4.3 ಕಿಲೋಗ್ರಾಂ. ಎಂಟು ತೋಟೆಗಳನ್ನು ಒಂದು ಉಕ್ಕಿನ ಹಿಡಿಕೆಯಲ್ಲಿ ಸೇರಿಸಿ ಮೇಲಿನಿಂದ ಒತ್ತಿ ತುಂಬಬೇಕು. ಎಂಟನೆಯ ಗುಂಡು ಹಾರಿದೊಡನೆ ಆ ಹಿಡಿಕೆಯು ಟಿಣ್ಣೆಂಬ ಸದ್ದಿನೊಡನೆ ಮೇಲಕ್ಕೆ ಚಿಮ್ಮಿ, ಬೋಲ್ಟು ತೆರೆದು ನಿಲ್ಲುವುದು. ಒತ್ತುವಾಗ ಎಚ್ಚರ ತಪ್ಪಿದರೆ ಹೆಬ್ಬೆರಳು ಜಜ್ಜಿಹೋಗುವುದೂ ಉಂಟು. ಅಕ್ರೋಟದ ಮರ, ಕಪ್ಪು ಉಕ್ಕು, ಕಣ್ಣಿಗೆ ಗಂಭೀರವಾದ ಆಕಾರ. ಎರಡನೆಯ ಮಹಾಯುದ್ಧದಲ್ಲಿಯೂ ಕೊರಿಯದ ಯುದ್ಧದಲ್ಲಿಯೂ ಅಮೆರಿಕದ ಸಿಪಾಯಿಯ ಕೈಯಲ್ಲಿದ್ದುದು ಇದೇ. ಅಲ್ಲಿನ ಪೌರರಿಗೆ ಗುರಿ ಹೊಡೆಯುವುದನ್ನು ಕಲಿಸಲೆಂದು 1903ರಲ್ಲಿ ಆರಂಭವಾದ ವ್ಯವಸ್ಥೆಯೊಂದುಂಟು. 1996ರಿಂದೀಚೆಗೆ ಅದು ಸ್ವತಂತ್ರ ಸಂಸ್ಥೆಯಾಗಿದೆ. ಸೈನ್ಯವು ಬಿಟ್ಟುಕೊಟ್ಟ ಗ್ಯಾರಂಡ್ ಕೋವಿಗಳನ್ನು ಆ ಸಂಸ್ಥೆಯು ಅರ್ಹರಾದ ಪ್ರಜೆಗಳಿಗೆ ಮಾರುತ್ತದೆ. ಓಹಾಯೋದಲ್ಲಿಯೇ, ಎರಿ ಸರೋವರದ ತಡಿಯ ಕ್ಯಾಂಪ್ ಪೆರ್ರಿಯೆಂಬಲ್ಲಿ, 1907ರಿಂದ ದೇಶೀಯ ಪಂದ್ಯಗಳು ನಡೆದುಬಂದಿವೆ. ಗ್ಯಾರಂಡನ ಹೆಸರಿನ ಪಂದ್ಯವೂ ಅವುಗಳಲ್ಲಿ ಒಂದು.

ಎ.ಆರ್.-15ರ ಚರಿತ್ರೆ ಬೇರೆ ಬಗೆಯದು. 1950ರ ದಶಕದ ಕೊನೆಯಲ್ಲಿ ಯೂಜೀನ್ ಸ್ಟೋನರ್ ಎಂಬ ಶಿಲ್ಪಿಯು ಆರ್ಮಲೈಟ್ ಎಂಬ ಸಂಸ್ಥೆಯಲ್ಲಿ, ಮರವನ್ನೂ ಭಾರವಾದ ಉಕ್ಕನ್ನೂ ಆದಷ್ಟು ತ್ಯಜಿಸಿ, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್‌ಗಳಿಂದ ಇದನ್ನು ಕಟ್ಟಿದನು. ಹೆಸರಿನಲ್ಲಿರುವ ಎರಡು ಅಕ್ಷರಗಳು ಆ ಸಂಸ್ಥೆಯ ಹೆಸರಿನಿಂದ ಬಂದವು. 1959ರಲ್ಲಿ ಕೋಲ್ಟ್ ಸಂಸ್ಥೆಯು ಇದರ ಹಕ್ಕನ್ನು ಕೊಂಡು, 1964ರಿಂದ ಪೌರರಿಗೂ ಮಾರಲಾರಂಭಿಸಿತು. ಇದರ ತೂಕ ಮೂರು ಕಿಲೋಗ್ರಾಮಿನ ಆಚೀಚೆ. ಗ್ಯಾರಂಡಿನ ಗುಂಡು ಸುಮಾರು 9.7 ಗ್ರಾಂ ತೂಗಿದರೆ, ಇದರ ಮೊದಲ ಸೈನಿಕ ಗುಂಡು ತೂಗುವುದು ಸುಮಾರು 3.6 ಗ್ರಾಂ; ಆದರೆ ವೇಗವು ಹೆಚ್ಚು. ಭುಜಕ್ಕೆ ಒದೆತ ಕಡಿಮೆ. ಇಪ್ಪತ್ತು ಮೂವತ್ತು ತೋಟೆಗಳ ಪೆಟ್ಟಿಗೆಯನ್ನು ಕ್ಷಣದಲ್ಲಿ ಬದಲಾಯಿಸಬಹುದು. ಹಿಂಬದಿಯನ್ನು ಹಿಡಿದವರ ತೋಳಿನ ಉದ್ದಕ್ಕೆ ಹೊಂದಿಸಿಕೊಳ್ಳಬಹುದು. ಮೇಲೆ ದುರ್ಬೀನನ್ನು ಕೂಡಿಸಬಹುದು. ಇದರ ಸೋದರನಾದ ಎಂ-16 ವಿಯೆಟ್ನಾಮಿನಲ್ಲಿ ಮೊದಮೊದಲು ತೀರ ಅಪಖ್ಯಾತಿ ಪಡೆಯಿತು. ಆದರೆ ದೋಷದ ಬಹುಭಾಗವು ಅಧಿಕಾರಿಗಳದಾಗಿತ್ತು: ತೋಟೆಯ ಮದ್ದನ್ನು ಬದಲಾಯಿಸಿದರು, ತೋಟೆ ಕೂಡುವ ಗರ್ಭಕ್ಕೆ ಕ್ರೋಮಿಯಂ ಲೇಪ ಕೊಡಲಿಲ್ಲ, ಶುಚಿಮಾಡುವ ಸಾಮಗ್ರಿಯನ್ನೂ ಸಾಕಷ್ಟು ಕಳುಹಿಸಲಿಲ್ಲ. 1967ರಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯೊಂದು ಇದನ್ನು ವಿಚಾರಿಸಿ ಖಂಡಿಸಿತು. ತಪ್ಪುಗಳನ್ನು ತಿದ್ದಿದ ಮೇಲೆ ಕೋವಿಯು ನೆಟ್ಟಗಾಯಿತು.

ಮೊಮ್ಮಗನು ಇಷ್ಟನ್ನೂ ಉತ್ಸಾಹದಿಂದ ವಿವರಿಸಿದನು. ತಾತನು ಹಳೆಯದನ್ನೇ ಹೇಳುವರೆಂದು ಆತನ ಒಳಮನಸ್ಸಿನ ನಂಬಿಕೆ. ಹೊರಗಿನ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ ಬಂಧುಗಳ ನಂಬಿಕೆಯೂ ಅದೇ. ಆದರೆ ಸುಬೇದಾರರು, “ಎಂಟು ದಿನ ಕಳೆದು ಮಾತನಾಡು, ಮಗು. ಕೋವಿಯ ಮಾತನ್ನು ಊಟವಾದ ಹೊತ್ತಿನಲ್ಲಿ ಆಡಬಾರದು” ಎಂದು ದೂರವಾಣಿಯನ್ನು ಕೆಳಗಿಟ್ಟರು.

ಅವರು ಆ ಎಂಟು ದಿನಗಳನ್ನು ಕೇಳಿದುದಕ್ಕೆ ಕಾರಣವಿತ್ತು. ಇದೇ ಆಯ್ಕೆಯನ್ನು ಒಂದು ದೇಶವು ತಡವಾಗಿ ಮಾಡಿದುದರ ಫಲವನ್ನು ಅವರು ಇಪ್ಪತ್ತನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದರು. 1962ರ ಅಕ್ಟೋಬರ್ 20ರಂದು ಚೀನೀಯರ ಆಕ್ರಮಣ ಆರಂಭವಾದಾಗ ಭಾರತದ ಪದಾತಿಯ ಕೈಯಲ್ಲಿದ್ದುದು ಪಾಯಿಂಟ್ 303 ಲೀ-ಎನ್‌ಫೀಲ್ಡ್. ಈ ಶತಮಾನದ ಹಿಂದಿನ ಶತಮಾನದ ಮೊದಲ ದಶಕದಲ್ಲಿ ರೂಪಗೊಂಡ ಕೋವಿ. ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕು. ಎದುರಿಗೆ ಬಂದವರ ಬಳಿ ತಾನಾಗಿ ತುಂಬಿಕೊಳ್ಳುವ ಕೋವಿಗಳಿದ್ದುವು. ಸುಬೇದಾರರು ಆಗ ಸಾಮಾನ್ಯ ಸಿಪಾಯಿ. ಬ್ರಹ್ಮಪುತ್ರದ ಬಯಲಿನ ಒಂದು ಸರಬರಾಜು ನೆಲೆಯ ಕಾವಲಿನಲ್ಲಿದ್ದುದರಿಂದ ಯುದ್ಧವು ಅವರನ್ನು ಮುಟ್ಟಲಿಲ್ಲ. ಆದರೆ ನವೆಂಬರಿನಲ್ಲಿ ಬೊಮ್ಡಿಲಾ ಬಿದ್ದು, ತೇಜಪುರದ ಜನರು ಊರನ್ನೇ ತೆರವುಮಾಡಿ ಹೋಗುತ್ತಿದ್ದಾಗ, ಬೆಟ್ಟಗಳಿಂದ ಇಳಿದುಬಂದವರನ್ನು ಅವರು ಕಂಡರು. ಹಿಮದಿಂದ ಕಾಲ್ಬೆರಳು ಕಪ್ಪಾದವರು, ಬರಿಗೈಯಲ್ಲಿ ಬಂದವರು, ಕೋವಿಯನ್ನು ಎದೆಗವಚಿಕೊಂಡು ಕೊಡಲೊಲ್ಲದವರು. ಅವರಲ್ಲಿ ಒಬ್ಬನು ನೀರು ಕುಡಿದಾದ ಮೇಲೆಯೂ ಮಾತನಾಡದೆ, ಬಲಗೈಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಕ್ಕೆ ಒತ್ತುವ ಚಲನೆಯನ್ನು ಮಾತ್ರ ಮತ್ತೆ ಮತ್ತೆ ಮಾಡಿ ತೋರಿಸಿದನಂತೆ. ಬೋಲ್ಟನ್ನು ಎಳೆಯುವ ಚಲನೆ ಅದು. ಅದರ ಅರ್ಥವನ್ನು ಕೇಳಬೇಕಾಗಿರಲಿಲ್ಲ.

ಆದರೂ ಸುಬೇದಾರರು 303ನ್ನು ದೂಷಿಸುವವರಲ್ಲ. ಆ ಬೋಲ್ಟಿನಷ್ಟು ನಯವಾಗಿ ಜಾರುವುದು ಬೇರೊಂದಿಲ್ಲವೆಂಬುದು ಅವರ ಅಭಿಪ್ರಾಯ. 1914ರ ಮೊದಲಿನ ಆಂಗ್ಲ ಸಿಪಾಯಿಗಳು ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿಯಿಟ್ಟು ಹಾರಿಸಲು ಕಲಿಯುತ್ತಿದ್ದುದು ಆ ಕೋವಿಯಿಂದಲೇ. 1962ರಲ್ಲಿ ಸೋತದ್ದು ಕೋವಿಯೊಂದರಿಂದಲೇ ಅಲ್ಲವೆಂಬುದನ್ನೂ ಅವರು ಒತ್ತಿ ಹೇಳುವರು. ಚಳಿಗೆ ತಕ್ಕ ಉಡುಪಿರಲಿಲ್ಲ, ದಾರಿಗಳಿರಲಿಲ್ಲ, ತೋಟೆಗಳೇ ಎಣಿಸಿಕೊಳ್ಳುವಷ್ಟಿದ್ದುವು. ಹೊಸ ಕೋವಿಯನ್ನು ಕೊಟ್ಟಿದ್ದರೂ ಹೊಟ್ಟೆಗೆ ಅನ್ನವಿಲ್ಲದವನು ಎಷ್ಟು ಹೊತ್ತು ನಿಲ್ಲುತ್ತಿದ್ದನು? ತರುವಾಯ ಬೆಲ್ಜಿಯಂ ದೇಶದ ಮಾದರಿಯನ್ನು ಅನುಸರಿಸಿ ವಂಗದೇಶದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ, ಇಪ್ಪತ್ತು ತೋಟೆಗಳ ಎಸ್.ಎಲ್.ಆರ್. ಎಂಬ ಸ್ವಯಂಪೂರಕ ರೈಫಲು ಬಂದಿತು. 1971ರಲ್ಲಿ ಗೆದ್ದ ಸೈನ್ಯದ ಕೈಯಲ್ಲಿದ್ದುದು ಅದು. ಹಾಗೆಂದು ಹೊಸದು ಹೊಸದಾಗಿಯೇ ಉಳಿಯಿತೆ? 1987ರಿಂದ 1990ರವರೆಗೆ ಸಿಂಹಳದಲ್ಲಿ ಹೋರಾಡಿದ ಭಾರತೀಯ ಸೈನಿಕರು ಅದೇ ಎಸ್.ಎಲ್.ಆರ್. ಹಿಡಿದು ಎ.ಕೆ.-47 ಹಿಡಿದವರನ್ನು ಎದುರಿಸಬೇಕಾಗಿ ಬಂದು, ಅದು ಉದ್ದವಾಯಿತು, ಭಾರವಾಯಿತು ಎಂದು ಗೊಣಗಿದರು. ಇಪ್ಪತ್ತೈದು ವರ್ಷಗಳಲ್ಲಿ ಹೊಸದು ಹಳೆಯದಾಗಿತ್ತು.

ಹಳೆಯದರ ಮೇಲಿನ ಅಭಿಮಾನವು ಅಮೆರಿಕದವರನ್ನೂ ಬಿಟ್ಟದ್ದಲ್ಲ. 1940ರಲ್ಲಿ ಅಲ್ಲಿನ ನೌಕಾಪದಾತಿಯವರು ಗ್ಯಾರಂಡನ್ನು ಇತರ ಕೋವಿಗಳೊಡನೆ ಮಣ್ಣು, ಮರಳು, ಉಪ್ಪುನೀರುಗಳಲ್ಲಿ ಪರೀಕ್ಷಿಸಿ, ಅಂತಹ ಕಷ್ಟದಲ್ಲಿ ತಮ್ಮ ಹಳೆಯ ಸ್ಪ್ರಿಂಗ್‌ಫೀಲ್ಡ್ ಬೋಲ್ಟುಕೋವಿಯೇ ಹೆಚ್ಚು ನಂಬಿಕೆಗೆ ಯೋಗ್ಯವೆಂದು ಕಂಡರು. 1942ರ ಆಗಸ್ಟಿನಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಅವರು ಇಳಿದದ್ದು ಆ ಹಳೆಯ ಕೋವಿಯೊಡನೆಯೇ. ಅಕ್ಟೋಬರಿನಲ್ಲಿ ಭೂಸೈನ್ಯದ ದಳವೊಂದು ಗ್ಯಾರಂಡುಗಳೊಡನೆ ಬಂದು ರಾತ್ರಿಯ ಕಾಡಿನಲ್ಲಿ ಪಕ್ಕದಲ್ಲಿ ನಿಂತು ಹೋರಾಡಿದ ಮೇಲೆ, ಗ್ಯಾರಂಡನ್ನು ಹೇಗಾದರೂ ದಕ್ಕಿಸಿಕೊಳ್ಳಬೇಕೆಂಬ ಆಸೆ ಅವರಲ್ಲಿ ಹುಟ್ಟಿತು. ಇಂದು ಪುರಾತನವೆಂದು ಪ್ರೀತಿಸಲ್ಪಡುವ ಕೋವಿಯು ಅಂದು ನಂಬಲಾರದ ನವೀನ ವಸ್ತುವಾಗಿತ್ತೆಂಬುದು ಗಮನಿಸತಕ್ಕ ವಿಷಯ.

ಎಂಟು ದಿನಗಳು ಕಳೆದುವು. ಮೊಮ್ಮಗನು ಮತ್ತೆ ಮಾತನಾಡಿದನು. ಶಾಸ್ತ್ರಗ್ರಂಥವನ್ನು ಓದಲಾರಂಭಿಸುವ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ಪೂರ್ವಿಕರ ಕ್ರಮ. ಸುಬೇದಾರರು ಶಾಸ್ತ್ರಗಳನ್ನು ಓದಿದವರಲ್ಲ. ಆದರೆ ಅವರು ಆ ದಿನ ಕೇಳಿದ ಪ್ರಶ್ನೆಗಳು ತಾವಾಗಿಯೇ ಆ ನಾಲ್ಕರಲ್ಲಿ ಅಡಕವಾಗಿದ್ದುವು.

ವಿಷಯವು ಮೊದಲೇ ತಿಳಿದಿತ್ತು. ಅವರು ಆರಂಭಿಸಿದುದು ಪ್ರಯೋಜನದಿಂದ. “ಏತಕ್ಕೆ ಬೇಕು?” ಎಂದರು. ಮೊಮ್ಮಗನು ಮೂರು ಕಾರಣಗಳನ್ನು ಹೇಳಿದನು. ವಾರದ ಕೊನೆಯಲ್ಲಿ ಗುರಿ ಹೊಡೆಯುವ ಅಭ್ಯಾಸ ಮಾಡಬೇಕು. ಮನೆತನದ ಸಂಪ್ರದಾಯವನ್ನು ಮಗಳಿಗೆ ತೋರಿಸಬೇಕು. ಸಮಯ ಬಂದರೆ ಮನೆಗೆ ರಕ್ಷಣೆಯಾಗಬೇಕು.

“ಮೂರನ್ನೂ ಒಂದೇ ಕೋವಿಯ ಹೆಗಲಿಗೆ ಹೊರಿಸಬೇಡ” ಎಂದರು ಸುಬೇದಾರರು. “ಗುರಿಯ ಪಂದ್ಯಕ್ಕೂ ನೆನಪಿಗೂ ಆದರೆ ಹಳೆಯದು ಸಾಕು, ಎಂಟು ಗುಂಡು ಹಾರಿಸಿ ನಿಂತು ಯೋಚಿಸುವುದು ಕಲಿಯುವವನಿಗೆ ಒಳ್ಳೆಯದೇ. ಆದರೆ ರಕ್ಷಣೆಯೆಂದು ಹೇಳಿಕೊಂಡು ಹಳೆಯದನ್ನು ಕೊಂಡರೆ ನಿನ್ನನ್ನು ನೀನೇ ವಂಚಿಸಿಕೊಂಡಂತೆ. ಅಷ್ಟು ಭಾರದ, ಅಷ್ಟು ಉದ್ದದ ಕೋವಿಯನ್ನು ಕತ್ತಲಲ್ಲಿ ಬಾಗಿಲುಗಳ ನಡುವೆ ತಿರುಗಿಸಲಾರೆ. ಅದರ ಗುಂಡು ನಿಮ್ಮ ಊರಿನ ತೆಳುಗೋಡೆಗಳನ್ನು ದಾಟಿ ಪಕ್ಕದ ಮನೆಯವರನ್ನು ಹುಡುಕಿಕೊಂಡು ಹೋಗುತ್ತದೆ. ಆ ಕೆಲಸಕ್ಕೆ ಹೊಸದೇ ಮೇಲು. ಅದನ್ನು ಒಪ್ಪಿಕೋ.”

ತಾತನಿಂದ ಈ ಮಾತನ್ನು ನಿರೀಕ್ಷಿಸಿರದ ಮೊಮ್ಮಗನು, “ಆದರೆ ತಾತ, ಹೊಸದಕ್ಕೆ ಇಲ್ಲಿ ಹೆಸರು ಕೆಟ್ಟಿದೆ” ಎಂದನು. ಅದು ಸತ್ಯವೇ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ಸಂಸ್ಥಾನದ ನ್ಯೂಟೌನಿನ ಶಾಲೆಯೊಂದರಲ್ಲಿ ಇಪ್ಪತ್ತು ಎಳೆಯ ಮಕ್ಕಳನ್ನೂ ಆರು ಮಂದಿ ಹಿರಿಯರನ್ನೂ, 2022ರ ಮೇ 24ರಂದು ಟೆಕ್ಸಸ್ಸಿನ ಯುವಾಲ್ಡಿಯಲ್ಲಿ ಹತ್ತೊಂಬತ್ತು ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕೊಂದದ್ದು ಈ ಮಾದರಿಯ ಕೋವಿಯೇ. ಶಾಲೆಯೊಳಗೆ ನಡೆದ ಕೊಲೆಯನ್ನು ಕೇಳಿ ಪಾಠಶಾಲೆಯ ನೆಲದಲ್ಲಿ ಕುಳಿತು ಅಕ್ಷರ ಕಲಿತ ಯಾವನಿಗೆ ತಾನೆ ಎದೆ ನಡುಗದು? ಅಮೆರಿಕದ ಕೆಲವು ಸಂಸ್ಥಾನಗಳು ಇದರ ಮಾರಾಟವನ್ನೇ ನಿಷೇಧಿಸಿವೆ. ದೇಶಕ್ಕೆಲ್ಲ ಅನ್ವಯಿಸುತ್ತಿದ್ದ ನಿಷೇಧವೊಂದು 1994ರಲ್ಲಿ ಬಂದು 2004ರಲ್ಲಿ ಮುಗಿದುಹೋಯಿತು. ಆ ಮೊಮ್ಮಗನ ಮಗಳು ತನ್ನ ಶಾಲೆಯಲ್ಲಿ, ಕೋವಿ ಹಿಡಿದವನು ಬಂದರೆ ದೀಪ ಆರಿಸಿ ಮೇಜಿನ ಕೆಳಗೆ ಸದ್ದಿಲ್ಲದೆ ಕುಳಿತಿರುವ ಅಭ್ಯಾಸವನ್ನು ಮಾಡಿ ಬರುತ್ತಾಳೆ.

ಸುಬೇದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕಪ್ಪಗಿರುವುದು ಕ್ರೂರ, ಮರದ ಹಿಡಿಯಿರುವುದು ಸಾಧು ಎಂದು ತಿಳಿಯಬೇಡ. ಆ ಹಳೆಯದು ಎಷ್ಟು ಲಕ್ಷ ತಯಾರಾಯಿತು, ಏತಕ್ಕೆ ತಯಾರಾಯಿತು, ಯೋಚಿಸು. ಅದೂ ಮನುಷ್ಯರನ್ನು ಕೊಲ್ಲುವುದಕ್ಕೆಂದೇ ಹುಟ್ಟಿದ್ದು. ನನ್ನ 303 ಕೂಡ. ಕಾಲ ಕಳೆದರೆ ರಕ್ತ ಒಣಗುತ್ತದೆ, ಮರಕ್ಕೆ ಹೊಳಪು ಬರುತ್ತದೆ, ಅಷ್ಟೆ.”

ತರುವಾಯ ಅವರು ಸಂಬಂಧದ ಪ್ರಶ್ನೆಗೆ ಬಂದರು. “ಮನೆಯಾಕೆ ಏನೆನ್ನುತ್ತಾಳೆ?” ಎಂದು ಕೇಳಿದರು. ಆ ಕಡೆಯಿಂದ ಉತ್ತರ ಬರಲಿಲ್ಲ. ಆಕೆಯು ಕೋವಿಯೇ ಬೇಡವೆಂದು ಹೇಳಿ ಮೂರು ತಿಂಗಳಾಗಿತ್ತು. ಮೊಮ್ಮಗನು ಅದನ್ನು ಮರೆಮಾಡಿ, ತಾತನ ಒಪ್ಪಿಗೆಯನ್ನು ಮುಂದಿಟ್ಟು ಆಕೆಯನ್ನು ಒಪ್ಪಿಸಬಹುದೆಂದು ಎಣಿಸಿದ್ದನು. ಯಾವುದು ಬೇಕೆಂಬ ಆತನ ಪ್ರಶ್ನೆಯ ಹಿಂದೆ, ಬೇಕೇ ಬೇಡವೇ ಎಂಬ ಇನ್ನೊಂದು ಪ್ರಶ್ನೆಯು ಉತ್ತರವಿಲ್ಲದೆ ಕುಳಿತಿತ್ತು.

ಆಗ ಸುಬೇದಾರರು ಮನೆಯವರಾರಿಗೂ ಅಂದಿನವರೆಗೆ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು. ಯುದ್ಧ ಮುಗಿದ ಮರುವರ್ಷ, 1963ರಲ್ಲಿ, ಅವರ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಜೊತೆಗಾರನೊಬ್ಬನು ಬೆಟ್ಟಗಳಿಂದ ಜೀವಂತವಾಗಿ ಇಳಿದುಬಂದಿದ್ದನು. ಗಾಯವೊಂದೂ ಇರಲಿಲ್ಲ. ನಗುತ್ತಿದ್ದನು, ಉಣ್ಣುತ್ತಿದ್ದನು. ಒಂದು ರಾತ್ರಿ ಕಾವಲಿನ ಸರದಿಯಲ್ಲಿದ್ದಾಗ ತನ್ನ ಕೋವಿಯಿಂದಲೇ ಪ್ರಾಣವನ್ನು ಕಳೆದುಕೊಂಡನು. “ಶತ್ರು ಹಾರಿಸಿದ ಗುಂಡು ಅವನನ್ನು ಮುಟ್ಟಲಿಲ್ಲ, ಮಗು. ಕೈಗೆ ಸಿಗುವಂತೆ ಇದ್ದ ಕೋವಿ ಮುಟ್ಟಿತು. ಒಂದು ರಾತ್ರಿ ಅದು ಬೀಗದೊಳಗೆ ಇದ್ದಿದ್ದರೆ ಬೆಳಗಾಗುತ್ತಿತ್ತೋ ಏನೋ. ಬೋಲ್ಟನ್ನು ಕೈಯಿಂದ ಎಳೆಯಬೇಕಾದ ಕೋವಿಯೇ ಅದು. ಆ ಕೆಲಸಕ್ಕೆ ಒಂದೇ ಗುಂಡು ಸಾಕು. ಹಳೆಯದು ಹೊಸದು ಎಂಬ ಭೇದ ಅದಕ್ಕಿಲ್ಲ.”

ಸುಬೇದಾರರಿಗೆ ತಿಳಿದಿರದ ಒಂದು ಸಂಗತಿಯು ಅವರ ಮಾತನ್ನು ಸಮರ್ಥಿಸುವಂತಿದೆ. ಅಮೆರಿಕದಲ್ಲಿ ಕೋವಿಯಿಂದ ಒಂದು ವರ್ಷದಲ್ಲಿ ಆಗುವ ಮರಣಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಕಳ್ಳನನ್ನು ತಡೆಯಲೆಂದು ತಂದ ಆಯುಧವು ಮನೆಯವರ ಕೈಗೆ ಎಟುಕುವುದೇ ಹೆಚ್ಚು. ಆದಕಾರಣ ಕೊನೆಯದಾದ ಅನುಬಂಧವೇ ಮುಖ್ಯವಾದದ್ದು: ಅಧಿಕಾರಿ ಯಾರು? ಕೋವಿಗೆ ಹಣ ಕೊಡಬಲ್ಲವನು ಅಧಿಕಾರಿಯಲ್ಲ. ಕಾನೂನು ಕೊಡುವ ಅಪ್ಪಣೆಯೂ ಅಧಿಕಾರವನ್ನು ಪೂರ್ಣಗೊಳಿಸಲಾರದು. ತನ್ನ ಒಳ್ಳೆಯ ದಿನವನ್ನಲ್ಲದೆ ಕೆಟ್ಟ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬೀಗ ಹಾಕಬಲ್ಲವನು ಅಧಿಕಾರಿ.

ಸುಬೇದಾರರ ತೀರ್ಪು ಹೀಗಿತ್ತು. “ಮೊದಲು ಮನೆಯಾಕೆಯೊಡನೆ ಮಾತನಾಡು, ನನ್ನ ಹೆಸರನ್ನು ನಡುವೆ ತರಬೇಡ. ಆಕೆ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಪ್ಪಿದರೆ ಮೊದಲು ಉಕ್ಕಿನ ಪೆಟ್ಟಿಗೆ ಬರಲಿ. ತೋಟೆಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಆಕೆಯೂ ಕೋವಿಯನ್ನು ಬರಿದುಮಾಡುವುದನ್ನು ಕಲಿಯಲಿ. ಇಷ್ಟಾಗುವ ಹೊತ್ತಿಗೆ ಯಾವುದು ಬೇಕೆಂದು ನಿನಗೇ ತಿಳಿಯುತ್ತದೆ.”

ಮೊಮ್ಮಗನಿಗೆ ಮೊದಲು ನಿರಾಶೆಯಾಯಿತೆಂಬುದು ನಿಜ. ಎರಡರಲ್ಲಿ ಒಂದನ್ನು ಹೇಳಿರೆಂದು ಕೇಳಿದವನಿಗೆ ಬೀಗವನ್ನು ಹೇಳಿ ಕಳುಹಿಸಿದಂತಾಗಿತ್ತು. ಅದಾದ ಮೇಲೆ ಬಹುದಿನ ಆ ಮಾತು ಬರಲಿಲ್ಲ. ಬೇಸಗೆಯಲ್ಲಿ ದಂಪತಿಗಳಿಬ್ಬರೂ ಕ್ಯಾಂಪ್ ಪೆರ್ರಿಗೆ ಹೋಗಿ ಪಂದ್ಯಗಳನ್ನು ನೋಡಿಬಂದರು. ಅಲ್ಲಿ ಬಿಳಿಗೂದಲಿನ ಮುದುಕರೂ ಹದಿನಾರರ ಹುಡುಗಿಯರೂ ಒಂದೇ ಸಾಲಿನಲ್ಲಿ ಮಲಗಿ ಗುಂಡು ಹಾರಿಸುವರು. ಅಪ್ಪಣೆಯಿಲ್ಲದೆ ಒಬ್ಬನೂ ತೋಟೆಯನ್ನು ಮುಟ್ಟುವಂತಿಲ್ಲ. ಗುಂಡು ನಿಲ್ಲಿಸಿದೊಡನೆ ಎಲ್ಲ ಕೋವಿಗಳೂ ಬಾಯಿ ತೆರೆದಿರಬೇಕು. ಆ ಶಿಸ್ತನ್ನು ಕಂಡ ಮೇಲೆ ಆಕೆಯ ಭಯವು ಪೂರ್ತಿ ಹೋಗಲಿಲ್ಲವಾದರೂ, ಭಯಕ್ಕೆ ಒಂದು ಕ್ರಮ ದೊರಕಿತು. ರಕ್ಷಣೆಯ ಮಾತನ್ನು ಗಂಡನು ತಾನಾಗಿಯೇ ಕೈಬಿಟ್ಟನು. ಅವರಿದ್ದ ಬೀದಿಯಲ್ಲಿ ಅದರ ಅಗತ್ಯವು ತನಗೆ ಎಂದೂ ಕಂಡಿರಲಿಲ್ಲವೆಂದು ಒಪ್ಪಿಕೊಂಡನು. ಉಳಿದುದು ಗುರಿ ಮತ್ತು ನೆನಪು. ಪೆಟ್ಟಿಗೆ ಬಂದಿತು, ಕೆಲವು ತಿಂಗಳ ಮೇಲೆ ಗ್ಯಾರಂಡ್ ಬಂದಿತು. ಇಂದಿನ ಭಾರವಾದ ತೋಟೆಗಳನ್ನು ಹಾಕಿದರೆ ಆ ಹಳೆಯ ಯಂತ್ರದ ಒಳದಂಡವು ಬಾಗುವುದುಂಟಾದ್ದರಿಂದ, ಅದಕ್ಕೆಂದೇ ಮಾಡಿದ ಹಗುರವಾದ ತೋಟೆಗಳನ್ನು ಮಾತ್ರ ತಂದನು.

ಮರುವರ್ಷದ ಕೈಲ್‌ಪೊಳ್ದಿನಂದು ಓಹಾಯೋದಿಂದ ಒಂದು ಭಾವಚಿತ್ರವು ಬಂದಿತು. ಮೇಜಿನ ಮೇಲೆ ಬಿಳಿಯ ವಸ್ತ್ರ, ಒಂದು ದೀಪ, ಅದರ ಮುಂದೆ ಆ ಕೋವಿ. ತೋಕ್‌ಪೂ ಅವರಿಗೆ ಸಿಗದ ಕಾರಣ ಹಿತ್ತಿಲಿನ ಚೆಂಡುಹೂವೊಂದನ್ನು ಏರಿಸಿದ್ದರು. ಏರಿಸಿದವಳು ಮನೆಯಾಕೆಯೇ ಎಂದು ಕೆಳಗೆ ಬರೆದಿತ್ತು. ಬಂಧುಗಳು ಒಬ್ಬರ ಭುಜದ ಮೇಲೊಬ್ಬರು ಬಾಗಿ, ಮರದ ಬಣ್ಣವನ್ನೂ ಉಕ್ಕಿನ ಹೊಳಪನ್ನೂ ಹೊಗಳಿದರು. ಸುಬೇದಾರರು ಕನ್ನಡಕವನ್ನು ಒರೆಸಿ ಹಾಕಿಕೊಂಡು, ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ತಂದು, ಕೋವಿಯ ನಡುಭಾಗವನ್ನು ಮಾತ್ರ ಬಹಳ ಹೊತ್ತು ನೋಡಿದರು.

“ಬೋಲ್ಟು ತೆರೆದಿದೆ” ಎಂದರು. ಅಷ್ಟು ಹೇಳಿ, ತಮ್ಮ ಜೋಡುನಳಿಗೆಯ ಕೋವಿಯನ್ನು ಒರೆಸಿಡುವುದಕ್ಕೆ ಒಳಕ್ಕೆ ಹೋದರು.